ಹಿಮ್ಮಡಿ ತಿರುಗಿತೇ ಎಂದು ನೋಡುವವರು ಯಾರು?

ಸಂಜೆ ಆರೂವರೆಯ ಬ್ಯಾಚ್. ಬೆಂಗಳೂರಿನ ಬಡಾವಣೆಯೊಂದರ ಎರಡನೇ ಮಹಡಿಯಲ್ಲಿ ಹನ್ನೆರಡು ಬ್ಯಾಗುಗಳು ತೂಗುತ್ತಿವೆ, ಒಂದೊಂದಕ್ಕೆ ಇಬ್ಬಿಬ್ಬರು. ಗಂಟೆ ಬಾರಿಸಿತು, ಹಾಡು ಜೋರಾಯಿತು, ‘ರೌಂಡ್ ಕಿಕ್, ಬಲಗಾಲು!’ ಎಂದು ತರಬೇತುದಾರರ ಕೂಗು. ಹಿಂದಿನ ಸಾಲಿನ ಮೂಲೆಯಲ್ಲಿ, ಸೇರಿ ಎರಡೇ ದಿನವಾದ ಒಬ್ಬರ ಬಲಗಾಲು ಬ್ಯಾಗಿಗೆ ಸರಿಯಾಗಿಯೇ ಬೀಳುತ್ತಿದೆ. ಸದ್ದೂ ಚೆನ್ನಾಗಿದೆ. ಆದರೆ ನೆಲಕ್ಕೂರಿದ ಎಡಗಾಲಿನ ಹಿಮ್ಮಡಿ ಇದ್ದಲ್ಲೇ ಇದೆ. ಸೊಂಟ ತಿರುಗುತ್ತಿದೆ, ಪಾದ ತಿರುಗುತ್ತಿಲ್ಲ. ನಡುವಿನ ಮಂಡಿ ಆ ತಿರುಚನ್ನೆಲ್ಲ ತಾನೇ ಹೊರುತ್ತಿದೆ. ಮೂರು ನಿಮಿಷದ ಸುತ್ತಿನಲ್ಲಿ ಮೂವತ್ತು ಒದೆತ, ಅಂಥ ನಾಲ್ಕೈದು ಸುತ್ತು, ವಾರಕ್ಕೆ ಮೂರು ದಿನ. ತಿಂಗಳು ತುಂಬುವಷ್ಟರಲ್ಲಿ ಮೆಟ್ಟಿಲು ಇಳಿಯುವಾಗ ಮಂಡಿ ಚುಳ್ಳೆನ್ನತೊಡಗುತ್ತದೆ. ‘ನಿನಗೇಕೆ ಬೇಕಿತ್ತು ಇದೆಲ್ಲ’ ಎಂದು ಮನೆಯವರು ಗದರುತ್ತಾರೆ. ಕಿಕ್‌ಬಾಕ್ಸಿಂಗ್ ತನಗೆ ಆಗಿಬರುವುದಿಲ್ಲ ಎಂದು ಆ ವ್ಯಕ್ತಿ ತೀರ್ಮಾನಿಸಿಬಿಡುತ್ತಾರೆ.

ಆ ತೀರ್ಮಾನಕ್ಕೆ ಆಧಾರವಿಲ್ಲ. ಹಿಮ್ಮಡಿ ಎತ್ತಿ, ಮುಂಗಾಲ ಮೇಲೆ ಪಾದ ತಿರುಗಿಸುವುದನ್ನು ತೋರಿಸಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ಕೊಡುವವರು ಅಲ್ಲಿ ಇರಲಿಲ್ಲ, ಅಷ್ಟೆ.

ಕಿಕ್‌ಬಾಕ್ಸಿಂಗ್ ತರಗತಿಗೆ ಸೇರಬೇಕೆಂದು ಯೋಚಿಸುವವರು ಸಾಮಾನ್ಯವಾಗಿ ಶುಲ್ಕ ಎಷ್ಟು, ತೂಕ ಎಷ್ಟು ಇಳಿಯುತ್ತದೆ, ವಯಸ್ಸು ಅಡ್ಡಿಯೇ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಗಳೇ ಅವು. ಅವಕ್ಕಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ: ಇಪ್ಪತ್ತು ಮಂದಿಯ ನಡುವೆ ಒಬ್ಬ ಹೊಸಬರ ಮೈಯನ್ನು ಯಾರಾದರೂ ಗಮನವಿಟ್ಟು ನೋಡುತ್ತಾರೆಯೇ?

ಮೈಸೂರಿನವರಿಗೆ ಈ ಪ್ರಶ್ನೆ ಬೇಗ ಅರ್ಥವಾದೀತು. ಗರಡಿ ಮನೆಯ ಕೆಂಪು ಮಟ್ಟಿಯಲ್ಲಿ ಹುಡುಗರು ದಂಡ, ಬಸ್ಕಿ ಹೊಡೆಯುವಾಗ ಉಸ್ತಾದರು ಪಕ್ಕದಲ್ಲೇ ಇರುತ್ತಾರೆ. ಯಾರ ಬೆನ್ನು ಬಾಗಿತು, ಯಾರ ಉಸಿರು ತಪ್ಪಿತು ಎಂಬುದು ಅವರ ಕಣ್ಣಿಗೆ ಬೀಳದೆ ಇರುವುದಿಲ್ಲ. ‘ಗರಡಿಯಲ್ಲಿ ಪಳಗಿದವರು’ ಎಂಬ ಮಾತು ಹುಟ್ಟಿದ್ದೇ ಹಾಗೆ ದಿನವೂ ಒಬ್ಬರ ಕಣ್ಣ ಕೆಳಗೆ ಬೆಳೆದವರಿಂದ. ಗಂಟೆಗೊಂದು ಬ್ಯಾಚ್ ನಡೆಸುವ ಇಂದಿನ ತರಗತಿಯಲ್ಲಿ ಅಂಥ ಕಣ್ಣು ತಾನಾಗಿ ಇರುತ್ತದೆಂದು ನಂಬುವಂತಿಲ್ಲ. ಇದೆಯೇ ಎಂದು ಹೋಗಿ ನೋಡಬೇಕು.

ನೋಡುವ ಮೊದಲು, ಫಲಕದ ಮೇಲಿನ ಹೆಸರು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ತಿಳಿದಿರುವುದು ಒಳ್ಳೆಯದು. ಕಿಕ್‌ಬಾಕ್ಸಿಂಗ್ ಎಂಬ ಹೆಸರು ಬಳಕೆಗೆ ಬಂದದ್ದು 1960ರ ದಶಕದ ಜಪಾನಿನಲ್ಲಿ. ಒಸಾಮು ನೊಗುಚಿ ಎಂಬ ಬಾಕ್ಸಿಂಗ್ ಸಂಘಟಕ ಕರಾಟೆಯನ್ನೂ ಥಾಯ್ಲೆಂಡಿನ ಮುವೇ ಥಾಯ್ ಅನ್ನೂ ಬೆರೆಸಿ 1966ರಲ್ಲಿ ಪಂದ್ಯಗಳನ್ನು ಆಡಿಸತೊಡಗಿದರು. 1970ರ ದಶಕದಲ್ಲಿ ಅಮೆರಿಕದಲ್ಲಿ ಫುಲ್ ಕಾಂಟ್ಯಾಕ್ಟ್ ಕರಾಟೆಯಿಂದ ಇನ್ನೊಂದು ಕವಲು ಒಡೆಯಿತು. ಅಲ್ಲಿ ಸೊಂಟದ ಮೇಲೆ ಮಾತ್ರ ಒದೆಯಬೇಕು. 1993ರಲ್ಲಿ ಜಪಾನಿನ ಕೆ-1 ಪಂದ್ಯಾವಳಿ ಬಂತು. ಅದರಲ್ಲಿ ತೊಡೆಗೂ ಒದೆಯಬಹುದು, ಮೊಣಕಾಲನ್ನೂ ಬಳಸಬಹುದು. 1976ರಲ್ಲಿ ಹುಟ್ಟಿದ ವಾಕೊ ಎಂಬ ಜಾಗತಿಕ ಸಂಸ್ಥೆ ಇವನ್ನೆಲ್ಲ ಬೇರೆ ಬೇರೆ ವಿಭಾಗಗಳಾಗಿ ನಡೆಸುತ್ತದೆ. ಹಗುರವಾಗಿ ಮುಟ್ಟಿ ಅಂಕ ಗಳಿಸುವ ಆಟದಿಂದ ಹಿಡಿದು ನಾಕ್‌ಔಟ್ ಆಗುವ ಕಾಳಗದವರೆಗೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಪೂರ್ಣ ಮಾನ್ಯತೆ ಅದಕ್ಕೆ 2021ರಲ್ಲಿ ಸಿಕ್ಕಿತು.

ಜಿಮ್‌ನ ಕಿಕ್‌ಬಾಕ್ಸಿಂಗ್‌ಗೆ ಇನ್ನೊಂದು ತವರೂ ಇದೆ. 1990ರ ದಶಕದಲ್ಲಿ ಅಮೆರಿಕದ ಬಿಲ್ಲಿ ಬ್ಲಾಂಕ್ಸ್ ಅವರ ‘ಟೇ ಬೋ’ ವಿಡಿಯೊಗಳು ಮನೆ ಮನೆ ಸೇರಿದವು. ಎದುರಾಳಿಯಿಲ್ಲ, ಬ್ಯಾಗಿಲ್ಲ, ಗಾಳಿಗೆ ಗುದ್ದು, ಹಾಡಿಗೆ ತಕ್ಕ ಒದೆತ. ಇಂದಿನ ತರಗತಿ ಆ ಹಾಡನ್ನೂ ಗಡಿಯಾರವನ್ನೂ ಅಲ್ಲಿಂದ ತಂದು, ಬ್ಯಾಗನ್ನೂ ಗ್ಲೌಸನ್ನೂ ಕಾಳಗದ ಜಿಮ್ಮಿನಿಂದ ಎರವಲು ಪಡೆದಿದೆ. ಹಾಗಾಗಿ ಒಂದೇ ಹೆಸರಿನ ಎರಡು ಜಿಮ್‌ಗಳಲ್ಲಿ ಒಂದು ಬೆವರಿಳಿಸುವ ವ್ಯಾಯಾಮ ಕೊಟ್ಟರೆ, ಇನ್ನೊಂದು ಆರು ತಿಂಗಳಲ್ಲಿ ರಿಂಗಿಗೆ ಇಳಿಯಲು ಹುರಿದುಂಬಿಸಬಹುದು. ‘ಇಲ್ಲಿ ಬರುವವರಲ್ಲಿ ಎಷ್ಟು ಮಂದಿ ಸ್ಪರ್ಧೆಗೆ ಹೋಗುತ್ತಾರೆ?’ ಎಂದು ಕೇಳಿದರೆ ಯಾವ ಬಗೆಯದೆಂದು ಅರ್ಧ ತಿಳಿದಂತೆಯೇ.

ಬೆಂಗಳೂರಿನಲ್ಲಿ ಗುಂಪು ತರಗತಿಯ ರೂಢಿ ಹಬ್ಬಲು 2016ರಲ್ಲಿ ಇಲ್ಲೇ ಶುರುವಾದ ಕಲ್ಟ್‌ನಂಥ ಜಿಮ್ ಸರಪಳಿಗಳೂ ಕಾರಣ. ಮೊಬೈಲಿನಲ್ಲಿ ಜಾಗ ಕಾದಿರಿಸುವುದು, ಹೇಳಿದ ಹೊತ್ತಿಗೆ ಹೋಗಿ ಸಾಲಿನಲ್ಲಿ ನಿಲ್ಲುವುದು ಈಗ ಅನೇಕರಿಗೆ ಸಹಜ. ಇದಕ್ಕೆ ಪೂರಾ ಬೇರೆಯಾದ ಮಾದರಿಯೂ ಜಗತ್ತಿನಲ್ಲಿದೆ. 2008ರಲ್ಲಿ ಅಮೆರಿಕದಲ್ಲಿ ಆರಂಭವಾದ ನೈನ್‌ರೌಂಡ್‌ನಲ್ಲಿ ತರಗತಿಯ ಸಮಯವೆಂಬುದೇ ಇಲ್ಲ. ಒಂಬತ್ತು ತಾಣ, ತಲಾ ಮೂರು ನಿಮಿಷ, ಅರ್ಧ ಗಂಟೆಯಲ್ಲಿ ಮುಗಿಯಿತು, ಬಂದವರು ಬಂದ ಹೊತ್ತಿಗೆ ಸೇರಿಕೊಳ್ಳಬಹುದು. ಪಾಳಿ ಬದಲಾಗುವ ನರ್ಸ್‌ಗಳು, ಕ್ಯಾಬ್ ಚಾಲಕರು, ಚಿಕ್ಕ ಮಕ್ಕಳ ತಾಯಂದಿರು ‘ಆರೂವರೆಗೆ ಬಂದೇ ಬರಬೇಕು’ ಎನ್ನುವ ತರಗತಿಯನ್ನು ಎಷ್ಟು ವಾರ ಹಿಡಿದುಕೊಂಡಾರು ಎಂಬುದು ಸಣ್ಣ ವಿಷಯವಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನದಟ್ಟಣೆ ದಾಟಿ ಬರಬೇಕಾದವರು ಭಾನುವಾರದ ಖಾಲಿ ರಸ್ತೆಯಲ್ಲಿ ಬಂದು ದೂರ ಅಳೆಯಬಾರದು. ಟ್ರಯಲ್ ಕ್ಲಾಸನ್ನು ವಾರದ ನಡುವೆ, ಮುಂದೆ ದಿನವೂ ಬರಬೇಕಾದ ಹೊತ್ತಿನಲ್ಲೇ ಇಟ್ಟುಕೊಳ್ಳಬೇಕು.

ಆ ಒಂದು ಗಂಟೆಯಲ್ಲಿ ಏನಾಗುತ್ತದೆ? ಮೊದಲ ಹತ್ತು ನಿಮಿಷ ಸ್ಕಿಪ್ಪಿಂಗ್, ಜಾಗದಲ್ಲೇ ಓಟ, ಭುಜ-ಸೊಂಟ ಸಡಿಲಿಸುವುದು. ಆಮೇಲೆ ಕನ್ನಡಿ ಮುಂದೆ ಷ್ಯಾಡೋ, ಅಂದರೆ ಎದುರಾಳಿಯಿಲ್ಲದೆ ಗಾಳಿಗೆ ಗುದ್ದುವ ಅಭ್ಯಾಸ. ನಂತರ ದಿನದ ಪಟ್ಟು ಹೇಳಿಕೊಟ್ಟು ಬ್ಯಾಗಿನ ಸುತ್ತುಗಳು; ಹೆಚ್ಚಿನ ಕಡೆ ಎರಡೋ ಮೂರೋ ನಿಮಿಷ ಹೊಡೆತ, ಅರ್ಧದಿಂದ ಒಂದು ನಿಮಿಷ ವಿರಾಮ. ಕೊನೆಗೆ ಹೊಟ್ಟೆಯ ವ್ಯಾಯಾಮ, ಮೈ ಚಾಚುವುದು. ಹೊಸಬರನ್ನು ಗಲಿಬಿಲಿಗೊಳಿಸುವುದು ಅಂಕಿಗಳ ಭಾಷೆ. ಒಂದೊಂದು ಗುದ್ದಿಗೂ ಒಂದೊಂದು ಸಂಖ್ಯೆ: ಸಾಮಾನ್ಯವಾಗಿ ಜ್ಯಾಬ್ ಒಂದು, ಕ್ರಾಸ್ ಎರಡು, ಎಡ ಹುಕ್ ಮೂರು, ಬಲ ಹುಕ್ ನಾಲ್ಕು, ಅಪ್ಪರ್‌ಕಟ್‌ಗಳು ಐದು-ಆರು. ‘ಒಂದು, ಎರಡು, ಮೂರು, ಕಿಕ್!’ ಎಂದು ಕೂಗು ಬಂದಾಗ ಹಳಬರ ಕೈ ತಾನೇ ಓಡುತ್ತದೆ. ಹೊಸಬರು ಎರಡರಲ್ಲೇ ನಿಂತು ಪಕ್ಕದವರನ್ನು ನೋಡುತ್ತಾರೆ. ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಆದರೆ ಹೊಸಬರಿಗೆಂದೇ ಪ್ರತ್ಯೇಕ ಬ್ಯಾಚ್ ಅಥವಾ ಮೊದಲ ಕೆಲವು ಪಾಠಗಳು ಇಲ್ಲದ ಕಡೆ ಈ ಗಲಿಬಿಲಿ ತಿಂಗಳುಗಟ್ಟಲೆ ಎಳೆಯುತ್ತದೆ, ತಪ್ಪು ಪಟ್ಟುಗಳೇ ಮೈಗೆ ಅಂಟಿಕೊಳ್ಳುತ್ತವೆ.

ಕ್ಯಾಲೊರಿಯ ಲೆಕ್ಕವನ್ನು ಇಲ್ಲೇ ಮುಗಿಸಿಬಿಡಬಹುದು. ಗಂಟೆಗೆ ಸಾವಿರ ಕ್ಯಾಲೊರಿ ಕರಗುತ್ತದೆ ಎಂಬ ಜಾಹೀರಾತನ್ನು ನಂಬಿ ಸೇರುವವರಿದ್ದಾರೆ. ವ್ಯಾಯಾಮ ವಿಜ್ಞಾನಿಗಳು ಬಳಸುವ ದೈಹಿಕ ಚಟುವಟಿಕೆಗಳ ಕೋಷ್ಟಕದ 2011ರ ಆವೃತ್ತಿ ಕರಾಟೆ, ಕಿಕ್‌ಬಾಕ್ಸಿಂಗ್ ಮುಂತಾದವನ್ನು ಎರಡಾಗಿ ವಿಂಗಡಿಸುತ್ತದೆ: ಕಲಿಕೆಯ ಹಂತದ ನಿಧಾನ ಅಭ್ಯಾಸಕ್ಕೆ 5.3 ಮೆಟ್, ಮಧ್ಯಮ ವೇಗದ ಅಭ್ಯಾಸಕ್ಕೆ 10.3 ಮೆಟ್. ಒಂದು ಮೆಟ್ ಎಂದರೆ ಸುಮಾರಾಗಿ ಕಿಲೊ ತೂಕಕ್ಕೆ ಗಂಟೆಗೆ ಒಂದು ಕಿಲೊಕ್ಯಾಲೊರಿ. ಅಂದರೆ 60 ಕಿಲೊ ತೂಕದವರಿಗೆ ಮೊದಲ ಬಗೆಯಲ್ಲಿ ಗಂಟೆಗೆ ಸುಮಾರು 320, ಎರಡನೆಯದರಲ್ಲಿ ಸುಮಾರು 620. ನೀರು ಕುಡಿಯುವುದು, ಪಟ್ಟು ಕೇಳಿಸಿಕೊಳ್ಳುವುದು ಇವೆಲ್ಲ ಸೇರಿದ ಹೊಸಬರ ತರಗತಿ ಮೊದಲ ಅಂಕಿಗೇ ಹತ್ತಿರ. ಅದೂ ಕಡಿಮೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು, ಬಿರುಸಿನ ಚಟುವಟಿಕೆಯಾದರೆ ವಾರಕ್ಕೆ 75ರಿಂದ 150 ನಿಮಿಷ. ಎರಡನೆಯ ಬಗೆಯ ಎರಡು ತರಗತಿಗಳಲ್ಲಿ ಅದು ಬಹುಮಟ್ಟಿಗೆ ಕೂಡಿಬರುತ್ತದೆ.

ಹಾಗಿದ್ದರೆ ಗುಂಪೇ ಏಕೆ ಬೇಕು, ಮನೆಯಲ್ಲೇ ಒಂದು ಬ್ಯಾಗ್ ತೂಗುಹಾಕಿದರಾಗದೇ? 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 69 ವೈದ್ಯಕೀಯ ವಿದ್ಯಾರ್ಥಿಗಳನ್ನು ಹನ್ನೆರಡು ವಾರ ಗಮನಿಸಿತು. ಗುಂಪು ತರಗತಿಗೆ ಹೋದವರಲ್ಲಿ ಮನಸ್ಸಿನ ಒತ್ತಡ ಶೇ 26ರಷ್ಟು ಇಳಿದಿತ್ತು. ತಾವೇ ವ್ಯಾಯಾಮ ಮಾಡಿದವರಲ್ಲಿ, ಹೆಚ್ಚು ಹೊತ್ತು ಮಾಡಿದ್ದರೂ, ಅಂಥ ಇಳಿಕೆ ಕಾಣಲಿಲ್ಲ. ಯಾವ ಗುಂಪಿಗೆ ಹೋಗಬೇಕೆಂದು ವಿದ್ಯಾರ್ಥಿಗಳೇ ಆರಿಸಿಕೊಂಡಿದ್ದರು, ಸಂಖ್ಯೆಯೂ ಚಿಕ್ಕದು; ಆದ್ದರಿಂದ ಇದನ್ನು ಕಲ್ಲಿನ ಮೇಲಿನ ಬರಹವೆಂದು ಹಿಡಿಯಬೇಕಿಲ್ಲ. ಆದರೂ ತರಗತಿಗೆ ಹೋಗುವವರ ಅನುಭವಕ್ಕೆ ಅದು ಹೊಂದುತ್ತದೆ. ಮೂರನೇ ಸುತ್ತಿನಲ್ಲಿ ಕೈ ಸೋತಾಗ ಪಕ್ಕದ ಬ್ಯಾಗಿನ ಅಪರಿಚಿತರು ‘ಇನ್ನು ಇಪ್ಪತ್ತು ಸೆಕೆಂಡು, ಬಿಡಬೇಡಿ’ ಎನ್ನುತ್ತಾರೆ. ಎರಡು ದಿನ ಬಾರದಿದ್ದರೆ ‘ಎಲ್ಲಿ ಕಾಣೆಯಾದಿರಿ?’ ಎಂದು ಕೇಳುತ್ತಾರೆ. ಊರು ಬಿಟ್ಟು ಬಂದು ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುವವರಿಗೆ ಇದರ ಬೆಲೆ ಗೊತ್ತು.

ಎಲ್ಲರಿಗೂ ಇದು ಹಿತವಾಗಬೇಕೆಂದಿಲ್ಲ. ಜೋರು ಹಾಡು, ಕೂಗು, ಕನ್ನಡಿ, ಇನ್ನೊಬ್ಬರ ಜೊತೆ ಪ್ಯಾಡ್ ಹಿಡಿಯುವ ಕೆಲಸ ಕೆಲವರನ್ನು ದಣಿಸುತ್ತದೆ. ಒಂದೇ ಪಟ್ಟನ್ನು ನೂರು ಸಲ ತಿದ್ದಿ ಕಲಿಯಬೇಕೆಂಬ ಹಟವಿರುವವರಿಗೆ, ಪ್ರತಿ ದಿನ ಹೊಸ ಜೋಡಣೆ ಕೊಡುವ ತರಗತಿ ಬೇಸರ ತರಿಸುತ್ತದೆ. ಅಂಥವರು ವಾರಕ್ಕೊಂದು ಖಾಸಗಿ ಪಾಠ ತೆಗೆದುಕೊಳ್ಳುವುದೇ ಲೇಸು.

ಟ್ರಯಲ್ ದಿನ ಗ್ಲೌಸ್ ತೊಡುವ ಮೊದಲು ಒಂದು ಇಡೀ ತರಗತಿಯನ್ನು ಬೆಂಚಿನ ಮೇಲೆ ಕುಳಿತು ನೋಡಲು ಕೇಳಬೇಕು. ಬಿಡದಿದ್ದರೆ ಅದೇ ಒಂದು ಉತ್ತರ. ಬಿಟ್ಟರೆ ತರಬೇತುದಾರರ ಕಾಲುಗಳನ್ನು ಗಮನಿಸಬೇಕು: ಅವರು ಮುಂದಿನ ವೇದಿಕೆಯಲ್ಲೇ ನಿಂತಿದ್ದಾರೋ, ಸಾಲುಗಳ ನಡುವೆ ನಡೆಯುತ್ತಿದ್ದಾರೋ? ತಪ್ಪು ಮಾಡುವವರ ಬಳಿ ನಿಂತು ಪಾದ, ಮಣಿಕಟ್ಟು, ಗಲ್ಲ ತಿದ್ದುತ್ತಾರೋ, ‘ಇನ್ನೂ ಜೋರಾಗಿ’ ಎನ್ನುವುದಷ್ಟೇ ಅವರ ಪಾಠವೋ? ಮಂಡಿ ನೋವಿದೆ ಎಂದವರಿಗೆ ಜಿಗಿತದ ಬದಲು ಬೇರೇನಾದರೂ ಕೊಟ್ಟರೇ? ಮುಟ್ಟಿ ತಿದ್ದುವ ಮೊದಲು, ವಿಶೇಷವಾಗಿ ಹೆಣ್ಣುಮಕ್ಕಳನ್ನು, ಕೇಳಿದರೇ? ಒಬ್ಬರಿಗೆ ಹತ್ತು ಹನ್ನೆರಡು ಮಂದಿಯಾದರೆ ನಿಭಾಯಿಸಬಹುದು. ಇಪ್ಪತ್ತು ದಾಟಿದರೆ ಸಹಾಯಕರು ಇರಲೇಬೇಕು. ಗೋಡೆಯ ಮೇಲಿನ ಪದಕ, ಬ್ಲ್ಯಾಕ್ ಬೆಲ್ಟ್‌ಗಳು ಗೌರವಕ್ಕೆ ಅರ್ಹ. ಆದರೆ ಚೆನ್ನಾಗಿ ಕಾದಾಡಿದವರು ಚೆನ್ನಾಗಿ ಕಲಿಸಬಲ್ಲರು ಎಂಬ ಖಾತ್ರಿಯನ್ನು ಅವು ಕೊಡುವುದಿಲ್ಲ. ಪ್ರಥಮ ಚಿಕಿತ್ಸೆ, ಸಿಪಿಆರ್ ತರಬೇತಿ ಪಡೆದವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆಯೇ ಎಂದು ಸಂಕೋಚವಿಲ್ಲದೆ ಕೇಳಬೇಕು.

ಸ್ಪಾರಿಂಗ್, ಅಂದರೆ ಇಬ್ಬರು ಎದುರುಬದುರಾಗಿ ಹೊಡೆದಾಡುವ ಅಭ್ಯಾಸದ ಬಗ್ಗೆ ಇನ್ನಷ್ಟು ನಿಷ್ಠುರವಾಗಿ ಕೇಳಬೇಕು. ಬ್ಯಾಗ್ ತಿರುಗಿ ಹೊಡೆಯುವುದಿಲ್ಲ, ಮನುಷ್ಯರು ಹೊಡೆಯುತ್ತಾರೆ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಏಟು ತಿಂದು ಕುಸಿದ ಯುವ ಸ್ಪರ್ಧಿಯೊಬ್ಬರು ಆಸ್ಪತ್ರೆಯಲ್ಲಿ ತೀರಿಕೊಂಡರು. ಸ್ಥಳದಲ್ಲಿ ವೈದ್ಯಕೀಯ ಸಿಬ್ಬಂದಿಯಾಗಲಿ ಸ್ಟ್ರೆಚರ್ ಆಗಲಿ ಇರಲಿಲ್ಲ ಎಂದು ಅವರ ಕಡೆಯವರು ದೂರಿದರು, ಪೊಲೀಸರು ಪ್ರಕರಣ ದಾಖಲಿಸಿದರು. ಅದು ಸ್ಪರ್ಧೆ, ಸಂಜೆಯ ಫಿಟ್‌ನೆಸ್ ತರಗತಿಯಲ್ಲ ಎಂಬುದು ನಿಜ. ಆದರೆ ತರಗತಿಯಿಂದ ಸ್ಪಾರಿಂಗ್‌ಗೆ, ಸ್ಪಾರಿಂಗ್‌ನಿಂದ ಸ್ಪರ್ಧೆಗೆ ಹೆಜ್ಜೆಗಳು ಚಿಕ್ಕವು, ಮತ್ತು ಒಂದು ಜಿಮ್ ಪೆಟ್ಟನ್ನು ಎಷ್ಟು ಗಂಭೀರವಾಗಿ ಕಾಣುತ್ತದೆ ಎಂಬುದು ಮೊದಲ ದಿನವೇ ಕಾಣಿಸುತ್ತದೆ. ಸ್ಪಾರಿಂಗ್ ಪೂರ್ತಿ ಐಚ್ಛಿಕವೇ? ಎಷ್ಟು ತಿಂಗಳ ನಂತರ? ತಲೆಗೆ ಹೊಡೆತ ಉಂಟೇ? ತಲೆಗೆ ಪೆಟ್ಟು ಬಿದ್ದವರನ್ನು ಆ ದಿನ ಮತ್ತೆ ಆಡಲು ಬಿಡುತ್ತಾರೆಯೇ? ಪ್ರಜ್ಞೆ ತಪ್ಪದೆಯೂ ಮಿದುಳಿಗೆ ಪೆಟ್ಟಾಗಬಹುದು. ತಲೆನೋವು, ವಾಕರಿಕೆ, ಮಬ್ಬು, ಮರೆವು ಕಂಡರೆ ಆಟ ಅಲ್ಲಿಗೇ ನಿಲ್ಲಬೇಕು, ವೈದ್ಯರನ್ನು ಕಾಣಬೇಕು. ಹೆಲ್ಮೆಟ್ ತೊಟ್ಟರೆ ಚರ್ಮ ಹರಿಯುವುದು ಕಡಿಮೆಯಾಗುತ್ತದೆ, ಮಿದುಳು ಅಲುಗುವುದನ್ನು ಅದು ತಡೆಯಲಾರದು. ಮಕ್ಕಳನ್ನು ಸೇರಿಸುವ ತಂದೆತಾಯಿಗಳು ತಲೆಗೆ ಹೊಡೆತವಿರುವ ತರಗತಿಯನ್ನು ನಿಸ್ಸಂಕೋಚವಾಗಿ ಬಿಟ್ಟುಬಿಡಬಹುದು.

ಬ್ಯಾಗಿಗೆ ಹೊಡೆಯುವುದು ಕಲಿತರೆ ಆತ್ಮರಕ್ಷಣೆ ಬಂದಂತೆ ಎಂಬ ನಂಬಿಕೆಯೂ ಇದೆ. ದಮ್ಮು ಬರುತ್ತದೆ, ಧೈರ್ಯ ಬರುತ್ತದೆ. ಹಿಡಿತ ಬಿಡಿಸಿಕೊಳ್ಳುವುದು, ದೂರ ಅಳೆಯುವುದು, ಓಡಬೇಕಾದ ಗಳಿಗೆ ಅರಿಯುವುದು ಬೇರೆ ಪಾಠ. ಅದನ್ನು ಕಲಿಸುತ್ತಾರೆಯೇ ಎಂದು ಬೇರೆಯಾಗಿಯೇ ಕೇಳಿಕೊಳ್ಳಬೇಕು.

ಸೇರುವ ಮೊದಲು ತಮ್ಮ ಆರೋಗ್ಯವನ್ನೂ ನೋಡಿಕೊಳ್ಳಬೇಕು. ಹೃದಯದ ಮಾತು ಬಂದಾಗ ಕನ್ನಡಿಗರಿಗೆ 2021ರ ಅಕ್ಟೋಬರ್ 29 ನೆನಪಾಗದೆ ಇರದು. ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೃದಯ ತಪಾಸಣೆಗೆಂದು ಜನ ಮುಗಿಬಿದ್ದರು. ಎಷ್ಟೋ ಮನೆಗಳಲ್ಲಿ ‘ಜಿಮ್ ಬೇಡ’ ಎಂಬ ಮಾತು ಎದ್ದಿತು. ಆ ನೋವು ಸಹಜ, ಆದರೆ ವ್ಯಾಯಾಮವನ್ನೇ ಬಿಡುವುದು ಹೃದಯಕ್ಕೆ ಒಳಿತಲ್ಲ. ಮಾಡಬೇಕಾದದ್ದು ಸರಳ. ಎದೆನೋವು, ತಲೆಸುತ್ತು, ರಕ್ತದೊತ್ತಡ, ಮೂಳೆ-ಕೀಲಿನ ತೊಂದರೆ, ಔಷಧಿಗಳ ಬಗ್ಗೆ ಕೇಳುವ ಪಾರ್-ಕ್ಯೂ ಎಂಬ ಏಳು ಪ್ರಶ್ನೆಗಳ ನಮೂನೆ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಒಂದಕ್ಕಾದರೂ ‘ಹೌದು’ ಎಂದಾದರೆ ಮೊದಲು ವೈದ್ಯರು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತ ಕಂಡವರು ನಮೂನೆ ಕೊಡದಿದ್ದರೂ ವೈದ್ಯರನ್ನು ಕೇಳಿಯೇ ಬರಬೇಕು. ಗರ್ಭಿಣಿಯರು ಹೊಟ್ಟೆಗೆ ಪೆಟ್ಟು ಬೀಳಬಹುದಾದ ಆಟದಿಂದ ದೂರವಿರಬೇಕು.

ಇನ್ನೊಂದು ಅಪಾಯದ ಬಗ್ಗೆ ಹೆಚ್ಚಿನವರು ಕೇಳಿಯೇ ಇರುವುದಿಲ್ಲ. ವರ್ಷಗಟ್ಟಲೆ ಮೈ ಬಗ್ಗಿಸದವರು ಮೊದಲ ದಿನವೇ ಹಟಕ್ಕೆ ಬಿದ್ದು ಕೊನೆಯವರೆಗೆ ಹೊಡೆದರೆ, ಸ್ನಾಯುಗಳು ಒಡೆದು ಅವುಗಳ ಅಂಶ ಮೂತ್ರಪಿಂಡಕ್ಕೆ ಹೊರೆಯಾಗುವ ಸ್ಥಿತಿ ಬರಬಹುದು. ಒಂದೆರಡು ದಿನದ ಮೈಕೈ ನೋವು ಸಾಮಾನ್ಯ, ಮೂರನೇ ದಿನಕ್ಕೆ ಇಳಿಯತೊಡಗುತ್ತದೆ. ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ, ತೋಳು ಊದಿ ಮಡಚಲಾಗದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ‘ಮೊದಲ ದಿನ ಅರ್ಧಕ್ಕೇ ನಿಲ್ಲಿಸಿ’ ಎಂದು ತಾವಾಗಿ ಹೇಳುವ ತರಬೇತುದಾರರು ಸಿಕ್ಕರೆ ಅವರನ್ನು ಬಿಡಬಾರದು.

ಸಲಕರಣೆಯಲ್ಲಿ ಮೊದಲು ಕೊಳ್ಳಬೇಕಾದದ್ದು ಕೈಗೆ ಸುತ್ತುವ ಪಟ್ಟಿ, ಅಂದರೆ ಹ್ಯಾಂಡ್ ರ‍್ಯಾಪ್. 180 ಇಂಚಿನದು, ಸುಮಾರು ನಾಲ್ಕೂವರೆ ಮೀಟರ್, ಮಣಿಕಟ್ಟಿಗೂ ಗೆಣ್ಣುಗಳಿಗೂ ಸಾಕಾಗುತ್ತದೆ. ದಿನವಿಡೀ ಕೀಬೋರ್ಡ್ ಒತ್ತುವವರ ಮಣಿಕಟ್ಟಿಗೆ ಇದು ತೀರಾ ಅಗತ್ಯ. ತೋರುಬೆರಳು, ನಡುಬೆರಳುಗಳ ಗೆಣ್ಣು ಮೊದಲು ತಾಗುವಂತೆ, ಮಣಿಕಟ್ಟು ನೆಟ್ಟಗಿರುವಂತೆ ಗುದ್ದಬೇಕು. ಕಿರುಬೆರಳಿನ ಕಡೆಯಿಂದ ತಾಗಿದರೆ ಅಂಗೈಯ ಆ ತೆಳು ಮೂಳೆ ಮುರಿಯುವುದುಂಟು, ವೈದ್ಯರು ಅದನ್ನು ಬಾಕ್ಸರ್ಸ್ ಫ್ರ್ಯಾಕ್ಚರ್ ಎಂದೇ ಕರೆಯುತ್ತಾರೆ. ಬ್ಯಾಗ್ ಅಭ್ಯಾಸಕ್ಕೆ 10 ಅಥವಾ 12 ಔನ್ಸ್ ಗ್ಲೌಸ್ ಸಾಕು. 16 ಔನ್ಸಿನದು, ಅಂದರೆ ಸುಮಾರು 450 ಗ್ರಾಮಿನದು, ಸ್ಪಾರಿಂಗ್‌ಗೆ. ಜಿಮ್ಮಿನ ಸಾರ್ವಜನಿಕ ಗ್ಲೌಸನ್ನು ಬರಿಗೈಗೆ ತೊಡುವುದು ಬೇಡ. ಮಳೆಗಾಲದಲ್ಲಿ ಒಣಗದೆ ಉಳಿದ ಗ್ಲೌಸು, ಮ್ಯಾಟುಗಳಲ್ಲಿ ಹುಳುಕಡ್ಡಿಯ ಶಿಲೀಂಧ್ರ ಸುಲಭವಾಗಿ ಹಬ್ಬುತ್ತದೆ. ಮೂಗಿಗೆ ಬಡಿಯುವ ವಾಸನೆಯೂ ಸ್ವಚ್ಛತೆಯ ವರದಿಯೇ.

ಹಣದ ವಿಷಯದಲ್ಲಿ ಅರ್ಥಶಾಸ್ತ್ರಜ್ಞರಾದ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ 2006ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪ್ರತಿ ಸದಸ್ಯತ್ವ ಫಾರಂಗೂ ಲಗತ್ತಿಸಬೇಕು. ಅಮೆರಿಕದ ಮೂರು ಫಿಟ್‌ನೆಸ್ ಕ್ಲಬ್ಬುಗಳ 7,752 ಸದಸ್ಯರ ಹಾಜರಿಯನ್ನು ಅವರು ನೋಡಿದರು. ತಿಂಗಳಿಗೆ 70 ಡಾಲರ್‌ಗೂ ಹೆಚ್ಚು ಕಟ್ಟಿದವರು ಸರಾಸರಿ ಹೋದದ್ದು ತಿಂಗಳಿಗೆ 4.3 ಸಲ, ಭೇಟಿಯೊಂದಕ್ಕೆ 17 ಡಾಲರ್‌ಗೂ ಮೇಲೆ ತೆತ್ತಂತಾಯಿತು. ಹತ್ತು ಭೇಟಿಯ ಪಾಸ್ ಕೊಂಡಿದ್ದರೆ ತಲಾ 10 ಡಾಲರ್‌ನಲ್ಲಿ ಮುಗಿಯುತ್ತಿತ್ತು. ಜನವರಿ ಒಂದರಂದು ವರ್ಷದ ಹಣ ಕಟ್ಟುವವರ ಉತ್ಸಾಹ ನಮ್ಮಲ್ಲೂ ಬೇರೆಯಲ್ಲ. ಆದ್ದರಿಂದ ಮೊದಲು ಹತ್ತು ತರಗತಿಗಳ ಪ್ಯಾಕ್, ಇಲ್ಲವೇ ಒಂದೇ ತಿಂಗಳು. ‘ಇವತ್ತೇ ಕಟ್ಟಿದರೆ ಅರ್ಧ ಬೆಲೆ’ ಎನ್ನುವವರ ಬಳಿ ಒಂದು ರಾತ್ರಿ ಸಮಯ ಕೇಳಬೇಕು. ಹೇಳಿದ ಶುಲ್ಕದಲ್ಲಿ ಜಿಎಸ್‌ಟಿ ಸೇರಿದೆಯೇ ಎಂದು ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ಮೇಲಿನ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳಿದಿದೆ, ಹಳೆಯ ದರವನ್ನೇ ಹೇಳಿದರೆ ಬಿಲ್ ಕೇಳಬಹುದು. ಊರು ಬಿಟ್ಟರೆ, ಪೆಟ್ಟಾದರೆ ಸದಸ್ಯತ್ವವನ್ನು ತಡೆಹಿಡಿಯಬಹುದೇ, ಬೇರೆಯವರಿಗೆ ವರ್ಗಾಯಿಸಬಹುದೇ ಎಂಬುದು ಬರಹದಲ್ಲಿ ಇರಲಿ. ಕೊಟ್ಟ ಮಾತಿಗೆ ತಪ್ಪಿ ಹಣ ಹಿಂದಿರುಗಿಸಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಹತ್ತು ತರಗತಿ ಮುಗಿದಾಗ ಕೇಳಿಕೊಳ್ಳಬೇಕಾದದ್ದು ಹೆಚ್ಚಿಲ್ಲ. ಆ ಹತ್ತನ್ನು ಎಷ್ಟು ವಾರಗಳಲ್ಲಿ ಮುಗಿಸಿದ್ದಾಯಿತು? ಮಣಿಕಟ್ಟು, ಮಂಡಿ, ಭುಜಗಳಲ್ಲಿ ಎಲ್ಲಾದರೂ ಉಳಿದುಕೊಂಡ ನೋವಿದೆಯೇ? ತರಬೇತುದಾರರಿಗೆ ಹೆಸರು ಗೊತ್ತಾಗಿದೆಯೇ, ಮೈಯ ದುರ್ಬಲ ಜಾಗ ಯಾವುದೆಂದು ಗೊತ್ತಾಗಿದೆಯೇ? ನಾಲ್ಕೈದು ವಾರಗಳಲ್ಲಿ ಹತ್ತೂ ಮುಗಿದು, ಕಲಿಸುವವರಿಗೆ ಹೆಸರೂ ಮಂಡಿಯೂ ನೆನಪಿದ್ದರೆ ಮೂರು ತಿಂಗಳಿಗೆ ಸೇರಬಹುದು. ಮೂರು ತಿಂಗಳಾದರೂ ಹತ್ತು ಮುಗಿಯದಿದ್ದರೆ ಮನೆಗೆ ಹತ್ತಿರದ ಈಜುಕೊಳವೋ ಬ್ಯಾಡ್ಮಿಂಟನ್ ಅಂಕಣವೋ ಹೆಚ್ಚು ಉಪಯೋಗಕ್ಕೆ ಬಂದೀತು. ತರಗತಿ ಇಷ್ಟವಾಗಿದ್ದೂ ಕಾಲು ಮಾತ್ರ ತಪ್ಪುತ್ತಲೇ ಇದ್ದರೆ, ಅದೇ ತರಬೇತುದಾರರಿಂದ ಎರಡು ಮೂರು ಖಾಸಗಿ ಪಾಠ ತೆಗೆದುಕೊಂಡು ಬ್ಯಾಚಿಗೆ ಮರಳಬಹುದು. ಹೀಗೆ ಕೇಳಿದವರಿಗೆ ಬ್ಯಾಚ್ ಶುರುವಾಗುವ ಹದಿನೈದು ನಿಮಿಷ ಮೊದಲು ಬನ್ನಿ ಎಂದು ಹೇಳಿ, ದುಡ್ಡು ಕೇಳದೆ ಪಾದ ತಿರುಗಿಸುವುದನ್ನು ಕಲಿಸುವವರೂ ಇದ್ದಾರೆ.